ವ್ಯಾಕ್ಸ್ ಹಚ್ಚಿ ಎರಡೇ ವಾರಕ್ಕೆ ಹೋಯ್ತಾ? ಕೋಲಾರದ ಕಾರುಗಳಿಗೆ ದೋಷ ಹುಡುಕುವ ಕೈಪಿಡಿ

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ: "ಡಬ್ಬಿ ಮೇಲೆ ಮೂರು ತಿಂಗಳು ಅಂತ ಬರೆದಿದೆ. ಹಚ್ಚಿ ಎರಡು ವಾರ ಆಗಿಲ್ಲ, ನೀರು ಹಾಕಿದರೆ ಮಣಿ ಕಟ್ಟೋದೇ ಇಲ್ಲ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ." ಅದರ ಹಿಂದೆಯೇ ಇನ್ನೊಂದು ಮಾತು: "ನಮ್ಮ ಕಡೆ ಬಿಸಿಲಿಗೆ ಎಲ್ಲ ಕರಗಿ ಹೋಗುತ್ತೆ ಬಿಡಿ."

ಎರಡೂ ನಿಜ ಆಗುವುದು ಅಪರೂಪ. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡುವ ಕಾರಾದರೆ ಮೊದಲು ಅನುಮಾನ ಪಡಬೇಕಾದ್ದು ನೀರಿನ ಮೇಲೆ. ಆಮೇಲೆ ಕಾರು ತೊಳೆಯುವವರ ಮೇಲೆ. ಬಿಸಿಲಿನ ಸರದಿ ಬರುವುದು ಅದಾದ ಮೇಲೆಯೇ. ಈ ಸರದಿಯಲ್ಲೇ ಹುಡುಕಿದರೆ ಖರ್ಚೂ ಕಮ್ಮಿ, ಹೊಸ ಡಬ್ಬಿ ತರುವ ಮುಂಚೆಯೇ ಕಾರಣ ಸಿಕ್ಕಿಬಿಡುತ್ತದೆ.

ಇದು ಕಾರ್ನೌಬಾ ವ್ಯಾಕ್ಸ್ ಹಚ್ಚುವವರಿಗೆ ಬರೆದದ್ದು. ಮ್ಯಾಟ್ ಬಣ್ಣದ ಕಾರು ಇದ್ದರೆ ಇದು ನಿಮಗಲ್ಲ, ಅದಕ್ಕೆ ವ್ಯಾಕ್ಸ್ ಹಚ್ಚಲೇಬಾರದು. ಸೆರಾಮಿಕ್ ಕೋಟಿಂಗ್ ಮಾಡಿಸಿದವರು ನೀರಿನ ಭಾಗ ಮಾತ್ರ ಓದಿದರೂ ಸಾಕು.

ಎಷ್ಟು ದಿನ ಬಾಳಬೇಕು

ಕಾರ್ನೌಬಾ ಎಂದರೆ ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಅದೂ ನಮ್ಮ ಕಡೆಯ ಹಾಗೆ ಮಳೆ ಕಮ್ಮಿ ಇರುವ ಸೀಮೆ. ಎಲೆಯ ನೀರು ಆರಿ ಹೋಗದಿರಲಿ ಅಂತ ಮರ ತಾನೇ ಈ ಮೇಣ ಕಟ್ಟಿಕೊಳ್ಳುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ಗಿಡಮರಗಳಿಂದ ಸಿಗುವ ಮೇಣಗಳಲ್ಲಿ ಇದೇ ತುಂಬಾ ಗಟ್ಟಿ. ಕರಗಲು 82ರಿಂದ 86 ಡಿಗ್ರಿ ಬೇಕು. ಜೇನುಮೇಣಕ್ಕೆ 62ರಿಂದ 64 ಸಾಕು.

ಆದರೆ ಅಂಗಡಿಯ ಡಬ್ಬಿಯಲ್ಲಿ ಪೂರ್ತಿ ಕಾರ್ನೌಬಾ ಇರುವುದಿಲ್ಲ. ಇದ್ದರೆ ಬಟ್ಟೆಯಲ್ಲಿ ತೆಗೆದು ಹಚ್ಚುವುದಿರಲಿ, ಉಗುರಲ್ಲಿ ಕೆರೆಯುವುದೂ ಕಷ್ಟ. ಅದಕ್ಕೇ ಟರ್ಪಂಟೈನ್ ಥರದ ದ್ರಾವಕ, ಎಣ್ಣೆ, ಜೇನುಮೇಣ, ಪ್ಯಾರಾಫಿನ್, ಕೆಲವದರಲ್ಲಿ ಸಿಲಿಕೋನ್ ಕೂಡ ಬೆರೆಸಿ ಮೆತ್ತಗೆ ಮಾಡಿರುತ್ತಾರೆ. '100 ಪರ್ಸೆಂಟ್ ಕಾರ್ನೌಬಾ' ಅಂತ ಬರೆದಿದ್ದರೆ, ಒಳಗೆ ಹಾಕಿರುವ ಕಾರ್ನೌಬಾ ಕಲಬೆರಕೆ ಅಲ್ಲ ಅಂತ ಮಾತ್ರ ತಿಳಿಯಿರಿ. ಡಬ್ಬಿ ಪೂರ್ತಿ ಅದೇ ತುಂಬಿದೆ ಅಂತಲ್ಲ.

ನಮ್ಮ ಕಡೆಯ ಲೆಕ್ಕ ಸುಮಾರಾಗಿ ಹೀಗಿದೆ. ಮನೆ ಶೆಡ್ಡಿನಲ್ಲಿ ನಿಲ್ಲುವ, ವಾರಕ್ಕೊಮ್ಮೆ ಹೊರಗೆ ಬರುವ, ಕಾರ್ ಶಾಂಪೂವಿನಲ್ಲೇ ತೊಳೆಯುವ ಕಾರಿನ ಮೇಲೆ ಒಳ್ಳೆ ಪೇಸ್ಟ್ ವ್ಯಾಕ್ಸ್ ಎರಡರಿಂದ ಮೂರು ತಿಂಗಳು ಬರುತ್ತದೆ. ಹಗಲೆಲ್ಲ ಬಯಲಲ್ಲಿ ನಿಂತರೆ ನಾಲ್ಕರಿಂದ ಆರು ವಾರ. ದಿನಾ ಎನ್‌ಎಚ್ 75ರಲ್ಲಿ ಬೆಂಗಳೂರಿಗೆ ಹೋಗಿ ಬರುವ ಕಾರಾದರೆ ಮುಂದಿನ ಬಂಪರ್ ಮೇಲೆ ಎರಡು-ಮೂರು ವಾರ, ಬಾಗಿಲುಗಳ ಮೇಲೆ ಅದರ ಎರಡು ಪಟ್ಟು. ಸ್ಪ್ರೇ ವ್ಯಾಕ್ಸ್ ಆದರೆ ಕಾರು ಎಲ್ಲೇ ನಿಲ್ಲಲಿ, ಎರಡು-ಮೂರು ವಾರಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸ್ಪ್ರೇ ಹೊಡೆದು ಎರಡು ವಾರಕ್ಕೆ ಹೋಯ್ತು ಅಂದರೆ ಅದು ದೋಷವೇ ಅಲ್ಲ, ಅದರ ಆಯಸ್ಸೇ ಅಷ್ಟು.

ಪೇಸ್ಟ್ ವ್ಯಾಕ್ಸ್ ಹಚ್ಚಿಯೂ ಈ ಲೆಕ್ಕದ ಅರ್ಧಕ್ಕೆ ನಿಂತಿದ್ದರೆ ಮುಂದೆ ಓದಿ.

ಹೋಗಿದೆಯೋ, ಮುಚ್ಚಿಕೊಂಡಿದೆಯೋ

ವ್ಯಾಕ್ಸ್ ಇರುವ ಬಣ್ಣದ ಮೇಲೆ ನೀರು ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತದೆ. ಇಲ್ಲದ ಕಡೆ ಹರಡಿಕೊಳ್ಳುತ್ತದೆ. ಎಲ್ಲರೂ ನೋಡುವುದು ಇದನ್ನೇ. ಆದರೆ ನೀರು ಹೇಳುವುದು ತೀರಾ ಮೇಲಿರುವ ಪದರದ ಸುದ್ದಿ ಮಾತ್ರ. ವ್ಯಾಕ್ಸ್ ಕೆಳಗೆ ಭದ್ರವಾಗಿದ್ದು, ಮೇಲೆ ಧೂಳೋ ಉಪ್ಪೋ ಸೋಪಿನ ಜಿಡ್ಡೋ ಕೂತಿದ್ದರೂ ನೀರು ಹರಡಿಯೇ ಹರಡುತ್ತದೆ. ನಮ್ಮ ಕಡೆ 'ವ್ಯಾಕ್ಸ್ ಹೋಯ್ತು' ಅನ್ನುವ ದೂರುಗಳಲ್ಲಿ ದೊಡ್ಡ ಪಾಲು ಇದೇ.

ಪರೀಕ್ಷೆ ಮಾಡುವುದು ಸುಲಭ. ಬೆಳಗ್ಗೆ ಅಥವಾ ಸಂಜೆ ಕಾರನ್ನು ನೆರಳಿಗೆ ತನ್ನಿ. ಬಾನೆಟ್ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ಕಾರ್ ಶಾಂಪೂ ಹಾಕಿ ತೊಳೆಯಿರಿ. ವ್ಯಾಕ್ಸ್ ಬೆರೆಸಿದ ಶಾಂಪೂ ಮಾತ್ರ ಬೇಡ, ಅದು ತಾನೇ ಮಣಿ ಕಟ್ಟಿಸಿ ಸುಳ್ಳು ಹೇಳುತ್ತದೆ. ನೊರೆ ಪೂರ್ತಿ ಹೋಗುವ ತನಕ ನೀರು ಹಾಕಿ. ಕೊನೆಯ ಎರಡು ಮಗ್ ಮಾತ್ರ ಆರ್‌ಒ ಘಟಕದ ಕ್ಯಾನ್ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಇರಲಿ. ಈಗ ನೋಡಿ.

ಎಲ್ಲ ಕಡೆ ಮಣಿ ಕಟ್ಟಿದರೆ ವ್ಯಾಕ್ಸಿಗೆ ಏನೂ ಆಗಿಲ್ಲ. ಕಾರು ಕೊಳೆಯಾಗಿತ್ತು, ಅಷ್ಟೇ. ಕೆಲವು ಕಡೆ ಮಾತ್ರ ಕಟ್ಟಿದರೆ 'ಎಲ್ಲಿ ಹೋಗಿದೆ' ಅನ್ನುವ ಭಾಗಕ್ಕೆ ಹೋಗಿ. ಎಲ್ಲೂ ಕಟ್ಟದಿದ್ದರೂ ಹೋಗಿದೆ ಅಂತ ಈಗಲೇ ತೀರ್ಮಾನ ಬೇಡ. ಇನ್ನೊಂದು ಪರೀಕ್ಷೆ ಉಳಿದಿದೆ.

ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ತೆಗೆದುಕೊಂಡು ಅಷ್ಟೇ ನೀರು ಬೆರೆಸಿ. ಬಾನೆಟ್ಟಿನ ಒಂದು ಮೂಲೆಯಲ್ಲಿ, ಅಂಗೈ ಅಗಲದ ಜಾಗದಲ್ಲಿ, ಮೈಕ್ರೋಫೈಬರ್ ಬಟ್ಟೆಯಿಂದ ಒದ್ದೆ ಮಾಡಿ. ಒಂದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಆಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಅಷ್ಟು ಜಾಗದಲ್ಲಿ ಮಾತ್ರ ಮಣಿ ವಾಪಸ್ ಬಂದರೆ ಕಳ್ಳ ಸಿಕ್ಕಿದ ಹಾಗೆ: ವ್ಯಾಕ್ಸ್ ಮೇಲೆ ಬೋರ್ ನೀರಿನ ಉಪ್ಪಿನ ಪದರ ಕೂತಿತ್ತು. ಹೀಗೇ ಒಂದೊಂದು ಭಾಗ ಮಾಡಿಕೊಂಡು ಕಾರು ಪೂರ್ತಿ ಬಿಡಿಸಬಹುದು. ಬಿಸಿ ಬಾನೆಟ್ ಮೇಲೆ ಬೇಡ, ಪದೇ ಪದೇ ಬೇಡ. ವಿನೆಗರ್ ಬದಲು ಹುಣಸೆ ನೀರು ಹಾಕಿ ಉಜ್ಜುವವರೂ ಇದ್ದಾರೆ. ಅದನ್ನು ಹಿತ್ತಾಳೆ ಕೊಡಕ್ಕೆ ಇಟ್ಟುಕೊಳ್ಳಿ.

ವಿನೆಗರ್ ಹಾಕಿದ ಮೇಲೂ ನೀರು ಹರಡಿಕೊಂಡೇ ಇದ್ದರೆ ವ್ಯಾಕ್ಸ್ ನಿಜವಾಗಿ ಹೋಗಿದೆ.

ಇದರ ಉಲ್ಟಾ ಮೋಸವೂ ಒಂದಿದೆ. ಹೊಸ ಕಾರಿನ ಬಣ್ಣ ವ್ಯಾಕ್ಸ್ ಇಲ್ಲದೆಯೂ ಸ್ವಲ್ಪ ಕಾಲ ತಾನೇ ಮಣಿ ಕಟ್ಟಿಸುತ್ತದೆ. ಶೋರೂಮಿನಿಂದ ಬಂದ ಕಾರಿಗೆ ಅಗ್ಗದ ವ್ಯಾಕ್ಸ್ ಹಚ್ಚಿ, ಆರು ತಿಂಗಳು ಬಂತು ಅಂತ ಹೊಗಳುವವರು ಹೊಗಳುತ್ತಿರುವುದು ಬಹಳ ಸಲ ಕಂಪನಿ ಬಣ್ಣವನ್ನೇ.

ಬೋರ್ ನೀರು

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ದೊಡ್ಡ ಸುದ್ದಿಯೇನಲ್ಲ. ಅಷ್ಟು ಆಳದಲ್ಲಿ ಬಂಡೆಯ ಸಂದಿಯಲ್ಲಿ ಕೂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಕಾರಿಗೆ 200 ಕೂಡ ಜಾಸ್ತಿಯೇ. ಯಾಕೆಂದರೆ ನೀರು ಆರಿದರೂ ಉಪ್ಪು ಆರುವುದಿಲ್ಲ, ಬಣ್ಣದ ಮೇಲೇ ಉಳಿಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. ವ್ಯಾಕ್ಸ್ ಚೆನ್ನಾಗಿದ್ದಷ್ಟೂ ಈ ಕಾಟ ಜಾಸ್ತಿ. ವ್ಯಾಕ್ಸ್ ಇಲ್ಲದ ಬಣ್ಣದ ಮೇಲೆ ನೀರು ತೆಳ್ಳಗೆ ಹರಡಿ ಆರುತ್ತದೆ, ಉಪ್ಪೂ ತೆಳ್ಳಗೆ ಹರಡುತ್ತದೆ. ವ್ಯಾಕ್ಸ್ ಇದ್ದರೆ ನೀರು ದಪ್ಪ ಮಣಿಯಾಗಿ ನಿಂತು ಅಲ್ಲಲ್ಲೇ ಆರಿ, ಇದ್ದ ಉಪ್ಪನ್ನೆಲ್ಲ ಒಂದೇ ಕಡೆ ಬಿಳಿ ಉಂಗುರವಾಗಿ ಬಿಟ್ಟು ಹೋಗುತ್ತದೆ. ಮಣಿ ಕಟ್ಟಿತು ಅಂತ ಫೋಟೋ ತೆಗೆದುಕೊಂಡು, ಕಾರನ್ನು ಬಿಸಿಲಲ್ಲೇ ಆರಲು ಬಿಟ್ಟರೆ ಸಂಜೆಗೆ ಆ ಫೋಟೋದ ಪ್ರತಿ ಮಣಿಯ ಜಾಗದಲ್ಲೂ ಒಂದೊಂದು ಕಲೆ ಕೂತಿರುತ್ತದೆ. ನಾಲ್ಕು ಸಲ ಹೀಗೆ ತೊಳೆದರೆ ಉಂಗುರಗಳು ಒಂದಕ್ಕೊಂದು ಸೇರಿ ಪದರವಾಗುತ್ತವೆ. ಆಮೇಲೆ ಮಣಿ ಎಲ್ಲಿಂದ ಬರಬೇಕು?

ಕಲೆ ಹಳತಾದಷ್ಟೂ ಕಷ್ಟ. ವಿನೆಗರ್‌ಗೆ ಹೋಗುವುದು ಮೇಲೆ ಕೂತ ಉಪ್ಪು ಮಾತ್ರ. ತಿಂಗಳುಗಟ್ಟಲೆ ಬಿಸಿಲಲ್ಲಿ ಬೆಂದು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟನ್ನೇ ತಿಂದ ಕಲೆಗೆ ಪಾಲಿಶ್ ಮಾಡಿಸದೆ ಗತಿ ಇಲ್ಲ. ಕ್ಲಿಯರ್ ಕೋಟ್ ಇರುವುದೇ ಸುಮಾರು 40-50 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು. ಅದನ್ನು ಎಷ್ಟು ಸಲ ಉಜ್ಜಿಸುತ್ತೀರಿ?

ನಿಮ್ಮ ಮನೆ ನೀರು ಹೇಗಿದೆ ಅಂತ ನೋಡಲು ಲ್ಯಾಬ್ ಬೇಕಿಲ್ಲ. ಕಿಟಕಿ ಗಾಜಿನ ಮೇಲೆ ಎರಡು ತೊಟ್ಟು ಬೋರ್ ನೀರು, ಪಕ್ಕದಲ್ಲಿ ಎರಡು ತೊಟ್ಟು ಆರ್‌ಒ ನೀರು ಬಿಟ್ಟು ಆರಿಸಿ. ಯಾವುದು ಬೆಳ್ಳಗಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಟಿಡಿಎಸ್ ಮೀಟರ್ ಇದ್ದರೆ ಅದೂ ಸರಿ. ಆದರೆ ಅದು ಕರಗಿದ್ದೆಲ್ಲವನ್ನೂ ಸೇರಿಸಿ ಹೇಳುತ್ತದೆ, ಗಡಸುತನವನ್ನು ಮಾತ್ರ ಬೇರೆಯಾಗಿ ಹೇಳುವುದಿಲ್ಲ.

ಪರಿಹಾರ ಇಷ್ಟೇ. ತೊಳೆಯಲು ಬೋರ್ ನೀರೇ ಇರಲಿ, ಬೇರೆ ಎಲ್ಲಿಂದ ತರುತ್ತೀರಿ. ಆದರೆ ಆರಲು ಬಿಡಬೇಡಿ. ಒಂದು ಬಾಗಿಲು ತೊಳೆದ ಕೂಡಲೇ ಆ ಬಾಗಿಲು ಒರೆಸಿ, ಆಮೇಲೆ ಮುಂದಿನದು. ಕೊನೆಗೆ ಅರ್ಧ ಕ್ಯಾನ್ ಆರ್‌ಒ ನೀರನ್ನು ಮೇಲಿಂದ ಇಳಿಬಿಟ್ಟು ಇನ್ನೊಮ್ಮೆ ಒರೆಸಿದರೆ ಕೆಲಸ ಮುಗಿಯಿತು. ಮಳೆ ನೀರು ಹಿಡಿಯುವ ತೊಟ್ಟಿ ಇರುವವರು ಪುಣ್ಯವಂತರು.

ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯ ಆರ್‌ಒ ಮಷೀನಿನಿಂದ ಪೈಪಿನಲ್ಲಿ ಹೊರಗೆ ಹೋಗುವ ವೇಸ್ಟ್ ನೀರನ್ನು ಬಕೆಟ್ಟಿಗೆ ಹಿಡಿದು ಕಾರು ತೊಳೆಯುವವರು ಬಹಳ ಜನ ಇದ್ದಾರೆ. ನೀರು ಉಳಿಸುವ ಬುದ್ಧಿ ಒಳ್ಳೆಯದೇ. ಆದರೆ ನಿಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿರುವುದು ಆ ಬಕೆಟ್ಟಿನಲ್ಲೇ. ಅದು ಬೋರ್ ನೀರಿಗಿಂತ ಗಡಸು. ಅದನ್ನು ಅಂಗಳಕ್ಕೆ ಹಾಕಿ, ಬಚ್ಚಲಿಗೆ ಹಾಕಿ, ಕಾರಿಗೆ ಬೇಡ.

ವಾಟರ್ ಸರ್ವಿಸ್

ವಾರದ ಹಿಂದೆ ಮಣಿ ಕಟ್ಟುತ್ತಿತ್ತು, ವಾಟರ್ ಸರ್ವಿಸ್ ಮಾಡಿಸಿ ತಂದ ದಿನದಿಂದ ಪೂರ್ತಿ ಕಾರಿನಲ್ಲಿ ಒಂದೇ ಸಲ ನಿಂತುಹೋಯಿತು. ಹೀಗಿದ್ದರೆ ಹವಾಮಾನಕ್ಕೂ ವ್ಯಾಕ್ಸಿಗೂ ಸಂಬಂಧ ಇಲ್ಲ. ಬಿಸಿಲು ಒಂದೇ ದಿನದಲ್ಲಿ ನಾಲ್ಕೂ ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲವನ್ನೂ ಸಮನಾಗಿ ಬೋಳಿಸುವುದಿಲ್ಲ.

ಅಲ್ಲಿ ಏನು ಹೊಡೆದರು ಅಂತ ಕೇಳಿ. ಎಣ್ಣೆ, ಗ್ರೀಸ್ ತೆಗೆಯಲು ಬಳಸುವ ಕ್ಷಾರ ಜಾಸ್ತಿ ಇರುವ ಫೋಮ್ ಲಾರಿ ಛಾಸಿಗೆ ಸರಿ. ಅದನ್ನೇ ಕಾರಿನ ಮೇಲೂ ಹೊಡೆದರೆ ಕೊಳೆಯ ಜೊತೆ ವ್ಯಾಕ್ಸೂ ಹೋಗುತ್ತದೆ. ಬಟ್ಟೆ ಒಗೆಯುವ ಸೋಪಿನ ಪುಡಿಯದೂ ಅದೇ ಕಥೆ. ಇನ್ನು ಕೆಲವು ಕಡೆ ಕೊನೆಯಲ್ಲಿ ಬಟ್ಟೆಗೆ ಡೀಸೆಲ್ ಅಥವಾ ಸೀಮೆಎಣ್ಣೆ ಅದ್ದಿ ಬಾಡಿ ಒರೆಸುವ ರೂಢಿ ಇದೆ. ಆಗ ಕಾರು ಮಿರಮಿರ ಮಿಂಚುತ್ತದೆ, ಮಾಲೀಕ ಖುಷಿಯಾಗಿ ಟಿಪ್ಸ್ ಕೊಡುತ್ತಾನೆ. ವ್ಯಾಕ್ಸ್ ಅನ್ನುವುದು ಎಣ್ಣೆಯಲ್ಲಿ ಕರಗುವ ವಸ್ತು ಅನ್ನುವುದು ಆ ಹೊತ್ತಿನಲ್ಲಿ ಇಬ್ಬರಿಗೂ ನೆನಪಿರುವುದಿಲ್ಲ. ಆ ಹೊಳಪು ಎರಡು ದಿನ. ಆಮೇಲೆ ಎಣ್ಣೆ ಜಿಡ್ಡಿಗೆ ಧೂಳು ಹತ್ತಿ ಮೊದಲಿಗಿಂತ ಮಂಕಾಗುತ್ತದೆ.

ಜಗಳ ಆಡುವ ಅಗತ್ಯವಿಲ್ಲ. ಕಾರು ಬಿಡುವಾಗಲೇ, "ಅಣ್ಣಾ, ಇದಕ್ಕೆ ವ್ಯಾಕ್ಸ್ ಹಾಕಿದೆ. ಬಾಡಿಗೆ ಫೋಮ್ ಬೇಡ, ಡೀಸೆಲ್ ಬಟ್ಟೆನೂ ಬೇಡ. ಬರೀ ನೀರು ಹೊಡೆದು ಕೊಡಿ, ಒರೆಸೋದು ನಾನೇ ಒರೆಸ್ಕೊತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಅವರಿಗೂ ಕೆಲಸ ಕಮ್ಮಿ. ಶಾಂಪೂ ಬಾಟಲಿ ನೀವೇ ಕೊಟ್ಟರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯುವವರಿಗೆ ಒಂದು ಸಮಾಧಾನದ ಸುದ್ದಿ. ಒಂದು ಸಲ ಹಾಕಿದ್ದಕ್ಕೆ ಒಳ್ಳೆ ವ್ಯಾಕ್ಸ್ ಪೂರ್ತಿ ಹೋಗಿರುವುದಿಲ್ಲ. ಅದರ ಜಿಡ್ಡು ಮೇಲೆ ಉಳಿದು ಮಣಿ ಕಟ್ಟದ ಹಾಗೆ ಮಾಡಿರುವ ಸಾಧ್ಯತೆಯೇ ಹೆಚ್ಚು. ಮೇಲೆ ಹೇಳಿದ ಶಾಂಪೂ ಪರೀಕ್ಷೆ ಮಾಡಿ, ಚೆನ್ನಾಗಿ ನೀರು ಹಾಕಿ ನೋಡಿ. ಪ್ರತಿ ವಾರ ಅದನ್ನೇ ಹಾಕುತ್ತಿದ್ದರೆ ಮಾತ್ರ ವ್ಯಾಕ್ಸಿನ ಆಸೆ ಬಿಡಿ.

ಎಲ್ಲಿ ಹೋಗಿದೆ ಅನ್ನುವುದೇ ಯಾಕೆ ಹೋಯಿತು ಅಂತ ಹೇಳುತ್ತದೆ

ಕಾರಿನ ಸುತ್ತ ಒಂದು ಸುತ್ತು ಬನ್ನಿ. ಒಂದೊಂದು ಭಾಗಕ್ಕೂ ಒಂದೊಂದು ಮಗ್ ನೀರು.

ಟಾಪ್ ಮತ್ತು ಬಾನೆಟ್ ಮೇಲೆ ಹೋಗಿ ಬಾಗಿಲುಗಳಲ್ಲಿ ಉಳಿದಿದ್ದರೆ ಅದು ಬಿಸಿಲು, ಇಬ್ಬನಿ, ಹಕ್ಕಿ ಹಿಕ್ಕೆಯ ಕೆಲಸ. ಮಲಗಿದ ಭಾಗಗಳಿಗೆ ಏಟು ಜಾಸ್ತಿ, ಬಾನೆಟ್ಟಿಗೆ ಕೆಳಗಿನಿಂದ ಎಂಜಿನ್ ಬಿಸಿ ಬೇರೆ. ಇದು ಸಹಜ. ಇಡೀ ಕಾರಿಗೆ ಮತ್ತೆ ಹಚ್ಚುವ ಬದಲು ಈ ಎರಡಕ್ಕೆ ಮಾತ್ರ ತಿಂಗಳಿಗೊಮ್ಮೆ ಹಚ್ಚಿದರೆ ಸಾಕು.

ಮುಂದಿನ ಬಂಪರ್, ಬಾನೆಟ್ಟಿನ ಮೂತಿ, ಕನ್ನಡಿಗಳ ಮುಂಭಾಗದಲ್ಲಿ ಮಾತ್ರ ಹೋಗಿದ್ದರೆ ಹೈವೇ ಕಾರಣ. ಲಾರಿ ಹಿಂದಿನ ಮರಳು, ಮಳೆಗಾಲದ ಸಂಜೆ ಕೆರೆ ಪಕ್ಕ ಸಾಗುವಾಗ ಬಡಿಯುವ ಹುಳುಗಳು. ಹುಳುವನ್ನು ಒಣಗಿದ ಮೇಲೆ ಉಜ್ಜಿ ತೆಗೆಯುವಾಗಲೇ ವ್ಯಾಕ್ಸ್ ಹೋಗುವುದು. ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿ ನೆನೆಸಿದರೆ ತಾನಾಗಿ ಬಿಡುತ್ತದೆ.

ಬಾಗಿಲಿನ ಕೆಳಗಿನ ಅರ್ಧ ಮತ್ತು ಚಕ್ರದ ಹಿಂದೆ ಹೋಗಿದ್ದರೆ ಕೆಸರು, ಅದನ್ನು ತೆಗೆಯಲು ಹತ್ತಿರದಿಂದ ಹೊಡೆದ ಪ್ರೆಷರ್ ನೀರು.

ಅಂಚುಗಳಲ್ಲಿ ಮಾತ್ರ ಹೋಗಿದೆ: ಫೆಂಡರ್ ಏಣು, ಕನ್ನಡಿಯ ತುದಿ, ಡಿಕ್ಕಿಯ ಮೂಲೆ. ಇದು ಕಾರ್ ಕವರ್. ಆಷಾಢದ ಗಾಳಿಗೆ ಕವರ್ ಪಟಪಟ ಬಡಿಯುತ್ತದೆ, ಕವರಿನ ಒಳಗೆ ಸೇರಿದ ಕೆಮ್ಮಣ್ಣು ಬಣ್ಣದ ಮೇಲೆ ಉಜ್ಜುತ್ತದೆ. ವ್ಯಾಕ್ಸ್ ಹೋಗುವುದು ಮೊದಲು, ಗೀರು ಬೀಳುವುದು ಆಮೇಲೆ. ಕವರ್ ಹಾಕಲೇಬೇಕಾದರೆ ಕಾರು ತೊಳೆದ ಮೇಲೆ ಹಾಕಿ, ಹೊಟ್ಟೆಪಟ್ಟಿ ಬಿಗಿಯಾಗಿ ಕಟ್ಟಿ. ಗಾಳಿ ತಿಂಗಳಲ್ಲಿ ಕವರ್ ಇಲ್ಲದೆ ನಿಲ್ಲಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಪಟ್ಟೆ ಪಟ್ಟೆಯಾಗಿ, ತೇಪೆ ತೇಪೆಯಾಗಿ ಹೋಗಿದ್ದರೆ ಹಚ್ಚುವಾಗಲೇ ತಪ್ಪಿದೆ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಬಾಗಿಲು ಅಥವಾ ಒಂದು ಫೆಂಡರ್ ಮಾತ್ರ ಬೇರೆ ಥರ ಕಾಣುತ್ತಿದ್ದರೆ, ಆ ಭಾಗಕ್ಕೆ ಟಿಂಕರಿಂಗ್, ಪೇಂಟಿಂಗ್ ಆಗಿದೆಯಾ ಅಂತ ನೆನಪು ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಮಾರಿದವರು ಹೇಳದೇ ಬಿಟ್ಟದ್ದನ್ನು ನೀರು ಹೇಳಿಬಿಡುವುದುಂಟು. ಹೊಸದಾಗಿ ಹೊಡೆದ ಬಣ್ಣದೊಳಗಿನ ದ್ರಾವಕ ಹೊರಗೆ ಹೋಗಲು ಸಮಯ ಬೇಕು. ಒಂದರಿಂದ ಮೂರು ತಿಂಗಳು ಅದಕ್ಕೆ ವ್ಯಾಕ್ಸ್ ಹಚ್ಚಬೇಡಿ. ಬಣ್ಣ ಹೊಡೆದವರು ಎಷ್ಟು ಹೇಳುತ್ತಾರೋ ಅಷ್ಟು ಕಾಯಿರಿ.

ಹಚ್ಚುವಾಗ ಆದ ತಪ್ಪು

ವ್ಯಾಕ್ಸ್ ಬಣ್ಣಕ್ಕೆ ಅಂಟಬೇಕು, ಬಣ್ಣದ ಮೇಲಿನ ಕೊಳೆಗೆ ಅಲ್ಲ. ತೊಳೆದು ಒಣಗಿಸಿದ ಬಾನೆಟ್ ಮೇಲೆ, ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿಕೊಂಡು, ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿ ಕವರಿನೊಳಗಿನ ಬೆರಳಿಗೆ ಗೊತ್ತಾಗುತ್ತದೆ. ತರಿತರಿ ಇದ್ದರೆ ಬ್ರೇಕಿನ ಕಬ್ಬಿಣದ ಪುಡಿ, ಟಾರು, ಮರದ ಅಂಟು ಹತ್ತಿಕೊಂಡಿದೆ ಅಂತ ಲೆಕ್ಕ. ಮೊದಲು ಕ್ಲೇ ಬಾರ್ (ತರಿಯನ್ನು ಅಂಟಿಸಿಕೊಂಡು ಎತ್ತುವ ಮೆತ್ತನೆಯ ಜೇಡಿಯಂಥ ತುಂಡು) ಹಾಕಿ ತೆಗೆಯಬೇಕು. ಕ್ಲೇ ಹಾಕುವಾಗ ಜಾಗ ಯಾವಾಗಲೂ ಜಾರುವ ಹಾಗೆ ಒದ್ದೆಯಾಗಿರಲಿ. ಕ್ಲೇ ಕೆಳಗೆ ಬಿದ್ದರೆ ಆ ತುಂಡನ್ನು ಎಸೆಯಿರಿ, ನಮ್ಮ ಕೆಮ್ಮಣ್ಣಿನ ಮರಳು ಹತ್ತಿಕೊಂಡ ಕ್ಲೇ ಉಪಯೋಗಕ್ಕಿಂತ ಹಾನಿ ಜಾಸ್ತಿ ಮಾಡುತ್ತದೆ.

ಬಿಸಿಲಲ್ಲಿ, ಬಿಸಿ ಬಾಡಿ ಮೇಲೆ ಹಚ್ಚಿದರೆ ದ್ರಾವಕ ಕ್ಷಣದಲ್ಲಿ ಹಾರಿಹೋಗಿ ವ್ಯಾಕ್ಸ್ ಸಮನಾಗಿ ಹರಡುವ ಮುಂಚೆಯೇ ಹಿಡಿದುಕೊಳ್ಳುತ್ತದೆ. ಒರೆಸಲು ಬಲ ಹಾಕಬೇಕು, ಬಲ ಹಾಕಿದಾಗ ವ್ಯಾಕ್ಸೂ ಎದ್ದು ಬರುತ್ತದೆ. ಪಟ್ಟೆಗಳು ಬರುವುದು ಹೀಗೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಉಲ್ಟಾ. ಇಬ್ಬನಿ ಬಿದ್ದ ಬಾಡಿ ಒಣಗಿದ ಹಾಗೆ ಕಂಡರೂ ತೆಳುವಾದ ತೇವ ಇರುತ್ತದೆ, ವ್ಯಾಕ್ಸ್ ಅದರ ಮೇಲೆ ಸುಮ್ನೆ ತೇಲುತ್ತದೆ. ಚಳಿಗಾಲದಲ್ಲಿ ಹನ್ನೊಂದು ಗಂಟೆ ಮೇಲೆ ನೆರಳಲ್ಲಿ, ಬೇಸಿಗೆಯಲ್ಲಿ ಸಂಜೆ ಬಾಡಿ ತಣಿದ ಮೇಲೆ ಹಚ್ಚಿ.

ಆರಿದೆಯಾ ಅಂತ ನೋಡಲು ಗಡಿಯಾರ ಬೇಡ, ಬೆರಳು ಸಾಕು. ಮಂಜು ಮಂಜಾದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದು ಕೆಳಗಿನ ಬಣ್ಣ ಹೊಳೆದರೆ ಒರೆಸಬಹುದು. ಗೆರೆ ಮೆತ್ತಿಕೊಂಡರೆ ಇನ್ನೂ ಕಾಯಿರಿ. ಒರೆಸಿದ ಮೇಲೆ ಕೆಲವು ಗಂಟೆ ನೀರು ತಾಗಿಸಬೇಡಿ. ಮಳೆ ಮೋಡ ಇರುವ ಸಂಜೆ ಹಚ್ಚಿ, ಹಾಗೇ ಬಯಲಲ್ಲಿ ಬಿಟ್ಟವರ ದೂರನ್ನು ನಾನು ದೂರು ಅಂತಲೇ ಒಪ್ಪುವುದಿಲ್ಲ.

ದಪ್ಪಗೆ ಮೆತ್ತಿದರೆ ಜಾಸ್ತಿ ದಿನ ಬರುತ್ತದೆ ಅನ್ನುವುದು ಸುಳ್ಳು ಲೆಕ್ಕ. ಬಣ್ಣದ ಮೇಲೆ ಉಳಿಯುವುದು ಒಂದು ಮೈಕ್ರಾನಿಗೂ ಕಮ್ಮಿ. ಉಳಿದದ್ದೆಲ್ಲ ನಿಮ್ಮ ಬಟ್ಟೆಗೆ ಹೋಗುತ್ತದೆ. ಎರಡನೇ ಕೈ ಹಚ್ಚುವುದರಿಂದ ಮೊದಲ ಸಲ ಬಿಟ್ಟುಹೋದ ಜಾಗ ಮುಚ್ಚುತ್ತದೆ, ಅದು ಒಳ್ಳೆಯದೇ. ಮೂರನೆಯದು, ನಾಲ್ಕನೆಯದು ಹಚ್ಚಿದರೆ ಹೊಸದರಲ್ಲಿರುವ ದ್ರಾವಕ ಹಳೆಯದನ್ನೇ ಮೆತ್ತಗೆ ಮಾಡಿ ಎಬ್ಬಿಸುತ್ತದೆ.

ಬಿಸಿಲು ನಿಜವಾಗಿ ಏನು ಮಾಡುತ್ತದೆ

ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ನಿಂತ ಕಪ್ಪು ಕಾರಿನ ಟಾಪ್ ಮೇಲೆ ಕೈ ಇಡಲು ಆಗುವುದಿಲ್ಲ, 70 ಡಿಗ್ರಿಯ ಹತ್ತಿರ ಹೋಗುತ್ತದೆ. ಕಾರ್ನೌಬಾ ಕರಗಲು ಅದೂ ಸಾಲದು. ಆದರೆ ಅದರ ಜೊತೆ ಬೆರೆಸಿದ ಜೇನುಮೇಣ, ಪ್ಯಾರಾಫಿನ್ ಮೆತ್ತಗಾಗುತ್ತವೆ, ಎಣ್ಣೆ ಅಂಶ ಆರುತ್ತದೆ. ಮೆತ್ತಗಾದ ವ್ಯಾಕ್ಸಿನೊಳಗೆ ಧೂಳು ಸೇರಿಕೊಳ್ಳುತ್ತದೆ. ಸಂಜೆ ಒಣ ಬಟ್ಟೆಯಲ್ಲಿ ಧೂಳು ಕೊಡವಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬಿಸಿಲಿಗಿಂತ ಆ ಒಣ ಬಟ್ಟೆಯೇ ದೊಡ್ಡ ಶತ್ರು. ಬಿಳಿ ಕಾರಿನವರಿಗೆ ಈ ತೊಂದರೆ ಕಮ್ಮಿ.

ಮರ, ಧೂಳು, ಹಬ್ಬ

ಶ್ರೀನಿವಾಸಪುರದ ಕಡೆ ಮಾವಿನ ಮರದ ಕೆಳಗೆ ನಿಲ್ಲುವ ಕಾರುಗಳದ್ದು ಬೇರೆ ಸಮಸ್ಯೆ. ಮಾವು ಹೂ ಬಿಡುವ ಕಾಲಕ್ಕೆ ಜಿಗಿಹುಳು ಬಂದರೆ ಕೆಳಗೆ ಸಣ್ಣ ಸಣ್ಣ ಸಿಹಿ ಅಂಟಿನ ಹನಿ ಉದುರುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ವ್ಯಾಕ್ಸ್ ಇದ್ದರೆ ಇದು ಉಗುರುಬೆಚ್ಚನೆ ನೀರಿಗೂ ಶಾಂಪೂವಿಗೂ ಸುಲಭವಾಗಿ ಬಿಡುತ್ತದೆ. ಬಿಡಲಿಲ್ಲ ಅಂತ ಥಿನ್ನರ್ ಹಾಕಿದರೆ ವ್ಯಾಕ್ಸೂ ಹೋಗುತ್ತದೆ, ಬಣ್ಣಕ್ಕೂ ಅಪಾಯ. ಹಕ್ಕಿ ಹಿಕ್ಕೆ ಬೇಸಿಗೆಯಲ್ಲಿ ಬಣ್ಣ ತಿನ್ನಲು ಕೆಲವೇ ಗಂಟೆ ಸಾಕು. ವ್ಯಾಕ್ಸ್ ಇದ್ದರೆ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ.

ಕೆಜಿಎಫ್‌ನಲ್ಲಿ ಇರುವವರಿಗೆ ಸೈನೈಡ್ ಗುಡ್ಡದ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದುಬಿಟ್ಟ ಪುಡಿಗಲ್ಲಿನ ರಾಶಿಗಳು ಅಲ್ಲೇ ಉಳಿದವು. ಗಾಳಿ ಎದ್ದಾಗ ಆ ನುಣುಪು ಬಿಳಿ ಪುಡಿ ಕಾರಿನ ಮೇಲೆ ಕೂರುತ್ತದೆ. ಬಂಡೆಯ ಪುಡಿ ಅದು, ಬಣ್ಣಕ್ಕಿಂತ ಗಟ್ಟಿ. ಚಿಕ್ಕಬಳ್ಳಾಪುರದ ಕಡೆ ಕ್ರಷರ್ ಹತ್ತಿರ ಇರುವವರದೂ ಇದೇ ಪಾಡು. ಇಲ್ಲಿ ಒಣ ಬಟ್ಟೆ, ಜಾಡಿಸುವ ಬ್ರಷ್ ಮುಟ್ಟಲೇಬಾರದು. ಮೊದಲು ನೀರು ಇಳಿಬಿಟ್ಟು ಪುಡಿ ಹೋಗಲು ಬಿಡಿ, ಆಮೇಲೆ ಶಾಂಪೂ. ಇಷ್ಟು ಮಾಡಿದರೂ ಇಲ್ಲಿ ನಾಲ್ಕು ವಾರ ಬಂದರೆ ಅದು ಚೆನ್ನಾಗಿ ಬಂದ ಲೆಕ್ಕ.

ವರ್ಷಕ್ಕೆ ಒಂದೇ ಸಲ ಹಚ್ಚುವವರು ಆಯುಧ ಪೂಜೆಗೆ ಎರಡು ದಿನ ಮುಂಚೆ ಹಚ್ಚಿ. ಆಗ ನಮ್ಮ ಕಡೆ ಮಳೆ ಜಾಸ್ತಿ ಬರುವ ಕಾಲ, ಅದಕ್ಕೂ ಆಯಿತು. ಪೂಜೆಯ ಅರಿಶಿನ, ಕುಂಕುಮ, ಗಂಧ ಬರೀ ಬಣ್ಣಕ್ಕಿಂತ ವ್ಯಾಕ್ಸ್ ಮೇಲಿಂದ ಬೇಗ ಬಿಡುತ್ತದೆ. ಬಿಳಿ ಕಾರಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಮಾರನೇ ದಿನವೇ ತೊಳೆಯಿರಿ. ದೀಪಾವಳಿವರೆಗೂ ಬಾನೆಟ್ ಮೇಲೆ ಕುಂಕುಮ ಇರಲಿ ಅನ್ನುವವರಿದ್ದರೆ ನಂಬರ್ ಪ್ಲೇಟಿನ ಮೇಲೆ ಇಡಲು ಹೇಳಿ.

ಎಲ್ಲ ಸರಿಯಿದ್ದೂ ಬೇಗ ಹೋದರೆ

ಈಗ ಮಾತ್ರ ಡಬ್ಬಿಯ ಮೇಲೆ ಅನುಮಾನ ಪಡಬಹುದು. ಮೊದಲು ಲೇಬಲ್ ಓದಿ. 'ಕ್ಲೀನರ್ ವ್ಯಾಕ್ಸ್' ಅಂತ ಇದ್ದರೆ ಅದರಲ್ಲಿ ಉಜ್ಜುವ ಪುಡಿಯೂ ಇರುತ್ತದೆ. ಹಳೇ ಬಣ್ಣಕ್ಕೆ ಹೊಳಪು ಕೊಡಲು ಅದು ಸರಿ, ಬಾಳಿಕೆಗೆ ಅಲ್ಲ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ದ್ರಾವಕ ಆರಿ, ಒಳಗೆ ಬಿರುಕು ಬಿಟ್ಟಿದ್ದರೆ ಅದೂ ಸರಿಯಾಗಿ ಹರಡುವುದಿಲ್ಲ.

ಅನುಮಾನ ತೀರದಿದ್ದರೆ ಡಿಕ್ಕಿಯ ಮೇಲೆ ನಡುವೆ ಮಾಸ್ಕಿಂಗ್ ಟೇಪ್ ಹಾಕಿ. ಎಡಕ್ಕೆ ಹಳೇ ವ್ಯಾಕ್ಸ್, ಬಲಕ್ಕೆ ಸ್ನೇಹಿತರಿಂದ ಕೇಳಿ ತಂದ ಬೇರೆ ವ್ಯಾಕ್ಸ್. ಟೇಪ್ ತೆಗೆದು ಎಂದಿನಂತೆ ಓಡಿಸಿ, ಎಂದಿನಂತೆ ತೊಳೆಯಿರಿ. ಒಂದೇ ಬಿಸಿಲು, ಒಂದೇ ನೀರು, ಒಂದೇ ಕೈ. ಎಡ ಮೊದಲು ಹೋಗಿ ಬಲ ಉಳಿದರೆ ಡಬ್ಬಿ ಬದಲಿಸಿ. ಎರಡೂ ಒಟ್ಟಿಗೆ ಹೋದರೆ ಡಬ್ಬಿಯ ತಪ್ಪಲ್ಲ, ಮತ್ತೆ ನೀರಿನ ಭಾಗದಿಂದ ಶುರು ಮಾಡಿ.

ದಿನಾ ನರಸಾಪುರಕ್ಕೋ ಬೆಂಗಳೂರಿಗೋ ಹೋಗಿ, ಅಲ್ಲಿ ಬಯಲಲ್ಲಿ ನಿಲ್ಲಿಸಿ, ಭಾನುವಾರ ಬಿಟ್ಟರೆ ತೊಳೆಯಲು ಪುರುಸೊತ್ತೇ ಇಲ್ಲದವರಿಗೆ ಕಾರ್ನೌಬಾ ಹೊಂದುವುದಿಲ್ಲ ಅಂತ ನೇರವಾಗಿ ಹೇಳಿಬಿಡುತ್ತೇನೆ. ಮೇಣದ ಬದಲು ಕೃತಕ ಪಾಲಿಮರ್‌ನಿಂದ ಮಾಡಿದ ಸಿಂಥೆಟಿಕ್ ಸೀಲೆಂಟ್ ಹಚ್ಚಿ, ನಾಲ್ಕರಿಂದ ಆರು ತಿಂಗಳು ಬರುತ್ತದೆ. ಕಾರ್ನೌಬಾದ ಆ ಆಳವಾದ ಹೊಳಪೇ ಬೇಕು ಅನ್ನಿಸಿದರೆ, ಸೀಲೆಂಟ್ ಪೂರ್ತಿ ಆರಿದ ಮೇಲೆ ಅದರ ಮೇಲೆ ಕಾರ್ನೌಬಾ ಹಚ್ಚಿ. ಉಲ್ಟಾ ಮಾಡಬೇಡಿ, ವ್ಯಾಕ್ಸ್ ಮೇಲೆ ಸೀಲೆಂಟ್ ಅಂಟುವುದಿಲ್ಲ.